ಆಕಾಶದ ಧೂಳು, ಕ್ಯಾಮೆರಾದ ಧೂಳು: ಕಪ್ಪು ನೀಹಾರಿಕೆಗಳ ಚಿತ್ರಸಂಸ್ಕರಣೆಯ ಇತಿಹಾಸ

1927ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ ಕ್ಷೀರಪಥದ ಒಂದು ಛಾಯಾಚಿತ್ರ ಸಂಪುಟವನ್ನು ಹೊರತಂದಿತು. ಅದರ ಚಿತ್ರಗಳನ್ನು ಅಚ್ಚುಯಂತ್ರಕ್ಕೆ ಒಪ್ಪಿಸಿರಲಿಲ್ಲ. 700 ಪ್ರತಿಗಳಿಗೆ ತಲಾ 51ರಂತೆ 35,700 ಅಸಲಿ ಫೋಟೊ ಪ್ರಿಂಟುಗಳನ್ನೇ ಸಿದ್ಧಪಡಿಸಲಾಗಿತ್ತು. ಅಷ್ಟನ್ನೂ ಒಂದೊಂದಾಗಿ ಕಣ್ಣಾರೆ ನೋಡಿ ಒಪ್ಪಿದವರು ಖಗೋಳವಿಜ್ಞಾನಿ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಆದರೆ ಪುಸ್ತಕ ಕೈಗೆ ಬರುವ ನಾಲ್ಕು ವರ್ಷ ಮೊದಲೇ, 1923ರಲ್ಲಿ, ಅವರು ತೀರಿಕೊಂಡಿದ್ದರು. ಉಳಿದ ಕೆಲಸವನ್ನು ಅವರ ಸಹೋದ್ಯೋಗಿಗಳಾದ ಎಡ್ವಿನ್ ಫ್ರಾಸ್ಟ್ ಮತ್ತು ಮೇರಿ ಕ್ಯಾಲ್ವರ್ಟ್ ಮುಗಿಸಿದರು.

ಚಿತ್ರಸಂಸ್ಕರಣೆ ಎಂದರೆ ಕಂಪ್ಯೂಟರ್ ಕಾಲದ ಕಸುಬು ಎಂಬ ಭಾವನೆ ಸಾಮಾನ್ಯ. ಕಪ್ಪು ನೀಹಾರಿಕೆಗಳ ಮಟ್ಟಿಗೆ ಅದು ನಿಜವಲ್ಲ. ಇವು ಸ್ವಂತ ಬೆಳಕಿಲ್ಲದ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ಅನಿಲ ಮತ್ತು ಧೂಳಿನ ಮೋಡಗಳು. ಮಸುಕಾದುದನ್ನು ಎತ್ತಿ ತೋರಿಸದೆ ಇವುಗಳ ಚಿತ್ರವೇ ಇಲ್ಲ. ಹೀಗಾಗಿ ಪ್ರತಿ ತಲೆಮಾರಿನ ಎದುರೂ ಒಂದೇ ಪ್ರಶ್ನೆ ನಿಂತಿದೆ: ಕಾಣುತ್ತಿರುವ ಕಪ್ಪು ಆಕಾಶದ್ದೋ, ಕೈಕೆಲಸದ್ದೋ?

18ನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ವೃಶ್ಚಿಕ ರಾಶಿಯಲ್ಲಿ ನಕ್ಷತ್ರಗಳೇ ಇಲ್ಲದ ಜಾಗವೊಂದನ್ನು ಕಂಡು ಆಕಾಶದಲ್ಲಿ ತೂತು ಬಿದ್ದಿದೆ ಎಂದುಕೊಂಡಿದ್ದರು. ಬರ್ನಾರ್ಡ್ ಕೂಡ ಮೊದಮೊದಲು ಹಾಗೆಯೇ ಭಾವಿಸಿದ್ದರು. ನ್ಯಾಶ್‌ವಿಲ್‌ನ ಬಡ ಮನೆಯ ಹುಡುಗನಾಗಿ ಫೋಟೊ ಸ್ಟುಡಿಯೊದಲ್ಲಿ ದುಡಿಯುತ್ತಾ ಬೆಳೆದ ಅವರು, 1889ರಿಂದ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಆರಂಗುಲದ ವಿಲ್ಲಾರ್ಡ್ ಮಸೂರದಿಂದ ಕ್ಷೀರಪಥವನ್ನು ಸೆರೆಹಿಡಿಯತೊಡಗಿದರು. ಆ ಮಸೂರ ತಯಾರಾದದ್ದು ಜನರ ಭಾವಚಿತ್ರ ತೆಗೆಯಲು! ಮುಂದೆ ಯರ್ಕೀಸ್ ವೀಕ್ಷಣಾಲಯದಲ್ಲಿದ್ದಾಗ, ಒಂದು ರಾತ್ರಿ ಧನು ರಾಶಿಯ ನಕ್ಷತ್ರರಾಶಿಯ ಮುಂದೆ ಪುಟ್ಟ ಮೋಡಗಳು ಮಸಿಯ ಚುಕ್ಕೆಗಳಂತೆ ತೇಲಿದ್ದನ್ನು ಅವರು ಕಂಡರು. ತಮ್ಮ ಛಾಯಾಚಿತ್ರಗಳ ಗಾಜಿನ ಪ್ಲೇಟುಗಳಲ್ಲಿರುವ ಕಪ್ಪೂ ಇಂಥದೇ ಅಡ್ಡಮೋಡವಿರಬಹುದೆಂಬ ಯೋಚನೆ ಅವರಲ್ಲಿ ಬಲವಾಯಿತು. 1919ರಲ್ಲಿ 182 ಕಪ್ಪು ಗುರುತುಗಳ ಪಟ್ಟಿ ಪ್ರಕಟವಾಯಿತು. ಅಂತರತಾರಾ ಧೂಳು ಬೆಳಕನ್ನು ಹೀರುತ್ತದೆ ಎಂಬುದನ್ನು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳ ಅಳತೆಯಿಂದ ಸಾಬೀತುಪಡಿಸಿದರು.

1947ರಲ್ಲಿ ಖಗೋಳವಿಜ್ಞಾನಿ ಬಾರ್ಟ್ ಬಾಕ್, ಎಡಿತ್ ರೈಲಿ ಅವರೊಡಗೂಡಿ, ದುಂಡನೆಯ ಸಣ್ಣ ಕಪ್ಪು ಮೋಡಗಳು ನಕ್ಷತ್ರ ಹುಟ್ಟುವ ತಾಣಗಳಿರಬಹುದೆಂದು ಸೂಚಿಸಿದರು.   1962ರಲ್ಲಿ ಬೆವರ್ಲಿ ಲಿಂಡ್ಸ್ ಪಾಲೊಮಾರ್ ವೀಕ್ಷಣಾಲಯದ ಆಕಾಶ ಸಮೀಕ್ಷೆಯ ಕೆಂಪು ಮತ್ತು ನೀಲಿ ಚಿತ್ರಗಳನ್ನು ಜಾಲಾಡಿ ಸುಮಾರು 1,800 ಕಪ್ಪು ನೀಹಾರಿಕೆಗಳನ್ನು ಪಟ್ಟಿಮಾಡಿದರು.

ಕತ್ತಲಕೋಣೆಯ ಕಲೆ ತುತ್ತತುದಿ ಮುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 1975ರಲ್ಲಿ ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯ ಸೇರಿದ ಡೇವಿಡ್ ಮ್ಯಾಲಿನ್, ತೀರಾ ಮಸುಕಾದ ಬೆಳಕಿನ ಗುರುತು ಪ್ಲೇಟಿನ ಲೇಪದ ಮೇಲ್ಪದರದಲ್ಲೇ ಉಳಿಯುತ್ತದೆ ಎಂಬುದರ ಲಾಭ ಪಡೆದರು. ಚದುರಿದ ಬೆಳಕಿನಲ್ಲಿ, ಗಾಢ ವ್ಯತ್ಯಾಸ ತೋರುವ ಫಿಲ್ಮಿಗೆ ಅದನ್ನು ನಕಲಿಸಿ ಆ ಮೇಲ್ಪದರವನ್ನು ಎತ್ತಿ ತೋರಿಸಿದರು. ಇಂಥ ಹಲವು ನಕಲುಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಫಿಲ್ಮಿನ ಹರಳುಹರಳು ತಗ್ಗಿತು. ಮೂಲ ಪ್ಲೇಟಿಗೆ ಅದರದೇ ಮಸುಕು ಪ್ರತಿಯನ್ನು ಜೋಡಿಸಿ ಸೂಕ್ಷ್ಮ ವಿವರ ಹೊರಗೆಳೆಯುವ ‘ಅನ್‌ಶಾರ್ಪ್ ಮಾಸ್ಕ್’ ವಿಧಾನವನ್ನೂ ಅವರು ಖಗೋಳಕ್ಕೆ ಒಗ್ಗಿಸಿದರು. ಇಂದಿನ ತಂತ್ರಾಂಶಗಳ ಮೆನುವಿನಲ್ಲಿ ಆ ಹೆಸರು ಹಾಗೆಯೇ ಉಳಿದಿದೆ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ, ಬೆಳಕನ್ನು ವಿದ್ಯುತ್ತಾಗಿ ಬದಲಿಸಿ ದಾಖಲಿಸುವ ಸಿಸಿಡಿ ಚಿಪ್ ಲೆಕ್ಕವನ್ನೇ ಬದಲಿಸಿತು. ಪ್ಲೇಟು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ದಾಖಲಿಸುತ್ತಿತ್ತು. ಒಳ್ಳೆಯ ಚಿಪ್ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ. ಮ್ಯಾಲಿನ್ ಫಿಲ್ಮಿನಲ್ಲಿ ಮಾಡಿದ ಕೂಡಿಕೆ ‘ಸ್ಟ್ಯಾಕಿಂಗ್’ ಆಯಿತು. ನೂರು ಚಿತ್ರಗಳ ಸರಾಸರಿಯಲ್ಲಿ ಚಿತ್ರದ ಗದ್ದಲ (ನಾಯ್ಸ್) ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಹೊಸ ಶಿಸ್ತೂ ಬಂತು. ಮುಚ್ಚಳ ಹಾಕಿ ತೆಗೆದ ‘ಡಾರ್ಕ್’ ಚಿತ್ರವನ್ನು ಕಳೆಯಬೇಕು, ಸಮ ಬೆಳಕಿನಲ್ಲಿ ತೆಗೆದ ‘ಫ್ಲ್ಯಾಟ್’ ಚಿತ್ರದಿಂದ ಭಾಗಿಸಬೇಕು. ಫ್ಲ್ಯಾಟ್ ಮರೆತರೆ ಆಗುವ ಎಡವಟ್ಟು ಸ್ವಾರಸ್ಯಕರ: ಫಿಲ್ಟರಿನ ಮೇಲೆ ಕುಳಿತ ಒಂದು ಧೂಳಿನ ಕಣದ ನೆರಳು, ಲಕ್ಷಾಂತರ ಕೋಟಿ ಕಿಲೋಮೀಟರ್ ಹರಡಿದ ಧೂಳಿನ ಮೋಡದಂತೆ ಚಿತ್ರದಲ್ಲಿ ಕುಳಿತಿರುತ್ತದೆ.

ಇಂದಿನ ಸಲಕರಣೆಗಳಲ್ಲೂ ಇಂಥ ಬಲೆಗಳಿವೆ. ಊರದೀಪಗಳ ಹೊಳಪನ್ನು ಅಳಿಸುವ ಸಾಧನ, ಚಿತ್ರದ ತುಂಬ ಹರಡಿದ ಕಂದು ಧೂಳನ್ನೂ ಹೊಳಪೆಂದೇ ತಿಳಿದು ಅಳಿಸಿಬಿಡಬಹುದು. ಅನ್‌ಶಾರ್ಪ್ ಮಾಸ್ಕ್ ಅತಿಯಾದರೆ ಪ್ರಕಾಶಮಾನ ನಕ್ಷತ್ರಗಳ ಸುತ್ತ ಇಲ್ಲದ ಕಪ್ಪು ಬಳೆ ಮೂಡುತ್ತದೆ. ನಕ್ಷತ್ರಗಳನ್ನು ತೆಗೆದುಹಾಕುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಖಾಲಿಯಾದ ಜಾಗವನ್ನು ತುಂಬುವುದು ಊಹೆಯಿಂದ.

ಪರೀಕ್ಷೆಗೆ ದಾರಿಯಿದೆ. ಬೇರೆ ಬೇರೆ ರಾತ್ರಿಗಳ ಚಿತ್ರಗಳನ್ನು ಪ್ರತ್ಯೇಕವಾಗಿ ಸಂಸ್ಕರಿಸಿ ಹೋಲಿಸಬಹುದು. ಕಣ್ಣಿಗೆ ಕಪ್ಪಾದ ಧೂಳು ದೂರದ ಅವಕೆಂಪಿನಲ್ಲಿ ಹೊಳೆಯುವುದರಿಂದ, 1983ರ ಐರಾಸ್ ಉಪಗ್ರಹದ ನಕ್ಷೆಯ ಪಕ್ಕದಲ್ಲಿ ಚಿತ್ರವನ್ನಿಟ್ಟು ನೋಡಬಹುದು. 2001ರಲ್ಲಿ ಜೊವಾವೊ ಆಲ್ವೆಸ್ ಮತ್ತು ಸಂಗಡಿಗರು ಅವಕೆಂಪಿನಲ್ಲಿ, ಬರ್ನಾರ್ಡ್ ಪಟ್ಟಿಯ ಕಪ್ಪು ಮೋಡ ‘ಬರ್ನಾರ್ಡ್ 68’ರ ಹಿಂದಿನ ನಕ್ಷತ್ರಗಳನ್ನೇ ಕಂಡು, ಆ ಮೋಡದ ಸಾಂದ್ರತೆಯನ್ನು ಅಳೆದರು. ತೂತಿನಂತಿದ್ದ ಕಪ್ಪಿಗೆ ಹೀಗೆ ಒಳರಚನೆ ದಕ್ಕಿತು.

ಬರ್ನಾರ್ಡ್ ತಮ್ಮ ಸಂಪುಟದಲ್ಲಿ ಪ್ರತಿ ಚಿತ್ರದೊಂದಿಗೆ ಅದನ್ನು ತೆಗೆದ ದಿನಾಂಕ, ಬೆಳಕಿಗೆ ಒಡ್ಡಿದ ಅವಧಿ, ಗಮನಿಸಬೇಕಾದ ಅಂಶಗಳು ಎಲ್ಲವನ್ನೂ ಬರೆದಿಟ್ಟಿದ್ದರು. ಇಂದು ಕಪ್ಪು ನೀಹಾರಿಕೆಯ ಚಿತ್ರ ಹಂಚಿಕೊಳ್ಳುವವರು ಆ ಟಿಪ್ಪಣಿಗೆ ಇನ್ನೊಂದು ಸಾಲು ಸೇರಿಸಬೇಕು: ಯಾವ ಸಾಧನವನ್ನು ಎಷ್ಟರಮಟ್ಟಿಗೆ ಬಳಸಲಾಯಿತು ಎಂಬುದು.