ಜಿಟಾದ ಪ್ರತಿಮೆ

2011ರ ಜೂನ್ ತಿಂಗಳ ಕೊನೆಯ ವಾರ ಜಿಟಾ ಎಂಬ ಸೌರವ್ಯೂಹದಲ್ಲಿ ಲೆಕ್ಕವಿಲ್ಲದಷ್ಟು ಅಂತರಿಕ್ಷ ನೌಕೆಗಳು ಬಂದು ನೆರೆದವು. ಅಲ್ಲಿನ ವ್ಯಾಪಾರ ನಿಲ್ದಾಣದ ಎದುರು ನಿಂತಿದ್ದ ಬೃಹತ್ ಪ್ರತಿಮೆಯ ಮೇಲೆ ಗುಂಡಿನ ಮಳೆಗರೆದವು. ಪ್ರತಿಮೆ ಬೀಳಲಿಲ್ಲ. ಬೀಳುವ ವಸ್ತುವಾಗಿ ಅದನ್ನು ರಚಿಸಿಯೇ ಇರಲಿಲ್ಲ. ಗುಂಡು ಹಾರಿಸುತ್ತಿದ್ದವರಿಗೂ ಅದು ಚೆನ್ನಾಗಿ ತಿಳಿದಿತ್ತು. ಜಿಟಾ ಇರುವುದು ‘ಈವ್ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟದೊಳಗೆ. ಆ ಸದ್ದು ಮುಟ್ಟಬೇಕಾಗಿದ್ದುದು ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಕುಳಿತು ಆಟವನ್ನು ನಡೆಸುತ್ತಿದ್ದ ಸಿಸಿಪಿ ಸಂಸ್ಥೆಯ ಕಿವಿಗೆ.

ವಿಡಿಯೋ ಗೇಮ್ ಎಂದರೆ ಮಕ್ಕಳ ಹಟ, ಕೆಟ್ಟುಹೋದ ಕಣ್ಣು, ಪರೀಕ್ಷೆಯ ಅಂಕ ಎಂದಷ್ಟೇ ತಿಳಿದಿದ್ದವರಲ್ಲಿ ನಾವೂ ಸೇರಿದ್ದೆವು. ಅಲ್ಲೊಂದು ಪ್ರಜಾಸಮೂಹವಿದೆ, ಅದಕ್ಕೆ ಅಹವಾಲುಗಳಿವೆ, ಅವುಗಳಿಗೊಂದು ಇತಿಹಾಸವಿದೆ ಎಂಬುದು ತಡವಾಗಿ ತಿಳಿದ ಸಂಗತಿ.

ಆಟದೊಳಗೇ ನೆರೆದು ಆಟ ಕಟ್ಟಿದವರ ವಿರುದ್ಧ ಕೂಗುವ ಪದ್ಧತಿ ಜಿಟಾದಲ್ಲಿ ಹುಟ್ಟಿದ್ದೇನೂ ಅಲ್ಲ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆರಿಜಿನ್ ಸಂಸ್ಥೆ ‘ಅಲ್ಟಿಮಾ ಆನ್‌ಲೈನ್’ ಆಟವನ್ನು ಹೊರತಂದಿತು. ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಲ್ಪಿತ ರಾಜ್ಯದಲ್ಲಿ ಬಾಳುವ ಆಟ ಅದು. ಕಂಪ್ಯೂಟರುಗಳು ಆ ಭಾರ ತಾಳದೆ ತಡವರಿಸಿದವು. ಕೆಲವೇ ವಾರಗಳಲ್ಲಿ ಆಟಗಾರರ ಗುಂಪೊಂದು ಆಟದ ದೊರೆ ಲಾರ್ಡ್ ಬ್ರಿಟಿಷನ ಅರಮನೆಗೆ ನುಗ್ಗಿ, ತಮ್ಮ ಪಾತ್ರಗಳ ಬಟ್ಟೆ ಕಳಚಿ, ಕುಡಿದು ಧರಣಿ ಹೂಡಿತು. ಲಾರ್ಡ್ ಬ್ರಿಟಿಷ್ ಎಂಬುದು ಆಟದ ಜನಕ ರಿಚರ್ಡ್ ಗ್ಯಾರಿಯಟ್ ಅವರೇ ತೊಡುತ್ತಿದ್ದ ವೇಷ. ಹಾಗಾಗಿ ಪ್ರಜೆಗಳು ನೇರವಾಗಿ ದೊರೆಯ ಬಾಗಿಲಿಗೇ ಹೋದಂತಾಯಿತು. 2005ರ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟದ 34 ಕಸುಬುಗಳನ್ನು ಅದರ ತಯಾರಕರು 9ಕ್ಕೆ ಇಳಿಸಿದರು. ಆ ಸುದ್ದಿ ಹೊರಬಿದ್ದದ್ದು ಆಟದ ಹೊಸ ಕಂತೊಂದನ್ನು ಮಾರುತ್ತಿದ್ದ ದಿನಗಳಲ್ಲೇ. ಕೊನೆಗೆ ಆ ಕಂತಿನ ಹಣವನ್ನು ಕೇಳಿದವರಿಗೆ ಹಿಂದಿರುಗಿಸಬೇಕಾಯಿತು. ಎರಡು ವರ್ಷ ರೂಢಿಸಿಕೊಂಡ ಕಸುಬೇ ಹೋಗಿಬಿಟ್ಟವರಿಗೆ ಆ ಹಣ ಯಾವ ಸಮಾಧಾನ ನೀಡೀತು?

ಈವ್‌ನ ಪ್ರಕರಣ ಇವೆರಡಕ್ಕಿಂತ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಅಲ್ಲಿ ಅಹವಾಲು ಕೇಳುವ ವ್ಯವಸ್ಥೆ ಮೊದಲೇ ಇತ್ತು. 2003ರ ಮೇ ತಿಂಗಳಲ್ಲಿ ಆರಂಭವಾದ ಈ ಆಟದಲ್ಲಿ ಅದಿರು ಅಗೆಯುವವರು, ನೌಕೆ ಕಟ್ಟುವವರು, ಸರಕು ಸಾಗಿಸುವವರು, ಅದನ್ನು ದಾರಿಯಲ್ಲಿ ದೋಚುವವರು ಎಲ್ಲರೂ ಒಂದೇ ಬ್ರಹ್ಮಾಂಡದ ನಿವಾಸಿಗಳು. 2007ರಲ್ಲಿ ಸಂಸ್ಥೆಯ ಉದ್ಯೋಗಿಯೊಬ್ಬ ತಾನು ಆಡುತ್ತಿದ್ದ ಬಣಕ್ಕೆ ಅಪರೂಪದ ತಯಾರಿಕಾ ನಕ್ಷೆಗಳನ್ನು ಅಕ್ರಮವಾಗಿ ಒದಗಿಸಿದ್ದು ಬಯಲಾಯಿತು. ಕಳೆದ ವಿಶ್ವಾಸವನ್ನು ಮರಳಿ ಗಳಿಸಲೆಂದು ಮರುವರ್ಷ ಸಿಸಿಪಿ ಒಂದು ಪ್ರತಿನಿಧಿ ಮಂಡಳಿಯನ್ನು ಸ್ಥಾಪಿಸಿತು: ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್. ಆಟಗಾರರೇ ಮತ ಹಾಕಿ ಸದಸ್ಯರನ್ನು ಆರಿಸುವುದು, ಸಂಸ್ಥೆ ತನ್ನ ಖರ್ಚಿನಲ್ಲಿ ಅವರನ್ನು ರೇಕ್ಯಾವಿಕ್‌ಗೆ ಕರೆಸಿ ಸಭೆ ನಡೆಸುವುದು, ಸಭೆಯ ನಡಾವಳಿಯನ್ನು ಪ್ರಕಟಿಸುವುದು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಏರ್ಪಾಡು ಇರಲಾರದು. ಆದರೆ ಮಂಡಳಿ ಕೇಳುತ್ತಿದ್ದುದು ಹಳೆಯ ದೋಷಗಳ ದುರಸ್ತಿ. ಸಂಸ್ಥೆಯ ಮನಸ್ಸಿದ್ದುದು ಹೊಸ ಕನಸುಗಳ ಮೇಲೆ.

ಆ ಕನಸಿನ ಫಲವಾಗಿ 2011ರ ಜೂನ್ 21ರಂದು ‘ಇನ್ಕಾರ್ನಾ’ ಎಂಬ ಕಂತು ಬಂದಿತು. ಅಲ್ಲಿಯವರೆಗೆ ನಿಲ್ದಾಣ ಸೇರಿದ ಆಟಗಾರನಿಗೆ ತನ್ನ ನೌಕೆ ಕಣ್ಣೆದುರು ತೂಗಾಡುತ್ತ ಕಾಣುತ್ತಿತ್ತು. ಬಿಡುವಿನಲ್ಲಿ ಮೌಸಿನಿಂದ ಅದನ್ನು ಗಿರಗಿರನೆ ತಿರುಗಿಸುತ್ತ ಕೂರುವುದು ಹಲವರಿಗೆ ಅಭ್ಯಾಸವಾಗಿತ್ತು. ಇನ್ಕಾರ್ನಾ ಅದನ್ನು ತೆಗೆದುಹಾಕಿ, ಮನುಷ್ಯರೂಪದಲ್ಲಿ ಓಡಾಡಲು ಒಂದು ಕೋಣೆ ಕೊಟ್ಟಿತು. ಆ ಕೋಣೆಯಲ್ಲಿ ಆಡುವಂಥದ್ದು ಏನೂ ಇರಲಿಲ್ಲ. ಬೇರೊಬ್ಬರು ಒಳಗೆ ಬರುವಂತೆಯೂ ಇರಲಿಲ್ಲ. ಜೊತೆಗೊಂದು ಅಂಗಡಿ ತೆರೆಯಿತು. ಅಲ್ಲಿ ನಮ್ಮ ಪಾತ್ರದ ಒಂದು ಕಣ್ಣಿಗೆ ತೊಡಿಸುವ ಮಾನಕಲ್ ಎಂಬ ಒಂಟಿ ಕನ್ನಡಕದ ಬೆಲೆ, ನಿಜವಾದ ಹಣದಲ್ಲಿ, 60 ಡಾಲರಿಗೂ ಮಿಗಿಲು. ಆಟದ ತಿಂಗಳ ಚಂದಾ ಇದ್ದುದು ಸುಮಾರು 15 ಡಾಲರ್.

ಕನ್ನಡಕವನ್ನು ನೋಡಿ ಜನ ನಕ್ಕು ಸುಮ್ಮನಾಗುತ್ತಿದ್ದರೇನೋ. ಅಷ್ಟರಲ್ಲಿ ಸಂಸ್ಥೆಯ ಆಂತರಿಕ ಪತ್ರಿಕೆಯೊಂದು ಸೋರಿಕೆಯಾಯಿತು. ದುರಾಸೆ ಒಳ್ಳೆಯದೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿದ್ದ ಆ ಸಂಚಿಕೆಯಲ್ಲಿ, ಬಟ್ಟೆಬರೆಗಳಲ್ಲದೆ ನೌಕೆ ಮತ್ತು ಮದ್ದುಗುಂಡುಗಳನ್ನೂ ಹಣಕ್ಕೆ ಮಾರುವ ಚರ್ಚೆಯಿತ್ತು. ಅಂದರೆ ಜೇಬು ತುಂಬಿದವನಿಗೆ ಗೆಲುವು ಎಂದಂತೆ. ಉತ್ತರಿಸಲು ಮುಂದಾದ ಹಿರಿಯ ನಿರ್ಮಾಪಕರೊಬ್ಬರು ಸಾವಿರ ಡಾಲರಿನ ಜೀನ್ಸ್ ಪ್ಯಾಂಟಿನ ಉದಾಹರಣೆ ಕೊಟ್ಟು ಬೆಲೆಯನ್ನು ಸಮರ್ಥಿಸಿಕೊಂಡರು. ಉರಿಯುವ ಬೆಂಕಿಗೆ ಎಣ್ಣೆ ಬಿತ್ತು. ಅದರ ಬೆನ್ನಿಗೇ ಮುಖ್ಯಸ್ಥ ಹಿಲ್ಮರ್ ಪೇಟುರ್ಸನ್ ತಮ್ಮ ಸಿಬ್ಬಂದಿಗೆ ಬರೆದದ್ದೆಂದು ಹೇಳಲಾದ ಪತ್ರವೂ ಹೊರಬಂದಿತು. ಇಂಥ ಹೊತ್ತಿನಲ್ಲಿ ಆಟಗಾರರು ಹೇಳುವುದಕ್ಕಿಂತ ಅವರು ಮಾಡುವುದರ ಕಡೆಗೆ ಗಮನ ಕೊಡಬೇಕು ಎಂಬುದು ಅದರ ತಾತ್ಪರ್ಯ.

ಈ ಮಾತನ್ನು ಕೇವಲ ಅಹಂಕಾರವೆಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಅದರಲ್ಲಿ ಅನುಭವವಿದೆ. ಪ್ರತಿ ಬದಲಾವಣೆಗೂ ಒಂದಷ್ಟು ಜನ ಕೂಗುತ್ತಾರೆ, ಬಿಟ್ಟು ಹೋಗುತ್ತೇವೆ ಎನ್ನುತ್ತಾರೆ, ಮರುವಾರ ಆಡುತ್ತಲೇ ಇರುತ್ತಾರೆ. ಅಹವಾಲಿನ ಕಡತಗಳ ನಡುವೆ ಎರಡು ದಶಕ ಕಳೆದ ನಮಗೆ ಈ ಮನೋಭಾವ ಅಪರಿಚಿತವಲ್ಲ. ನೂರು ಅರ್ಜಿ ಓದಿದವನ ಕಣ್ಣಿಗೆ ನೂರಾ ಒಂದನೆಯದು ತೊಂಬತ್ತೊಂಬತ್ತರ ನಕಲಿನಂತೆಯೇ ಕಾಣುತ್ತದೆ. ಕೈ ತಾನಾಗಿಯೇ ಅದೇ ಷರಾ ಬರೆಯುತ್ತದೆ. ಆದರೆ ಆ ಪತ್ರ ಬಯಲಾದ ಗಳಿಗೆಯಲ್ಲಿ ಅದರ ಅರ್ಥವೇ ಬದಲಾಯಿತು. ನಿಮ್ಮ ಮಾತಿಗೆ ಬೆಲೆಯಿಲ್ಲ, ನಡೆಗೆ ಮಾತ್ರ ಬೆಲೆ ಎಂದು ಕೇಳಿಸಿಕೊಂಡವರು ನಡೆದು ತೋರಿಸಿದರು. ಕೆಲವರು ಜಿಟಾಕ್ಕೆ ಹೋದರು. ಕೆಲವರು ಚಂದಾ ರದ್ದು ಮಾಡಿದರು.

ಸಂಸ್ಥೆ ಪ್ರತಿನಿಧಿ ಮಂಡಳಿಯನ್ನು ತುರ್ತಾಗಿ ರೇಕ್ಯಾವಿಕ್‌ಗೆ ಕರೆಸಿತು. ಜೂನ್ 30ರಿಂದ ಸಭೆ ನಡೆದು, ಹಣಕ್ಕೆ ಮಾರುವುದು ಅಲಂಕಾರದ ವಸ್ತುಗಳನ್ನು ಮಾತ್ರ, ಯುದ್ಧಬಲವನ್ನಲ್ಲ ಎಂಬ ಭರವಸೆ ಹೊರಬಿದ್ದಿತು. ಕೋಪ ತುಸು ತಣಿಯಿತು, ವಿಶ್ವಾಸ ಮರಳಲಿಲ್ಲ.

ಇಲ್ಲೊಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆವು. ಅದೇ ಬೇಸಿಗೆಯಲ್ಲಿ, ಅದೇ ಪುಟ್ಟ ನಗರದಲ್ಲಿ, 25 ಸದಸ್ಯರ ಸಂವಿಧಾನ ಮಂಡಳಿಯೊಂದು ಅಂತರ್ಜಾಲದ ಮೂಲಕ ನಾಗರಿಕರ ಸಲಹೆ ಪಡೆಯುತ್ತ ಐಸ್‌ಲೆಂಡಿಗೆ ಹೊಸ ಸಂವಿಧಾನದ ಕರಡು ಬರೆಯುತ್ತಿತ್ತು. 2008ರಲ್ಲಿ ಬ್ಯಾಂಕುಗಳು ಕುಸಿದಾಗ ಪಾತ್ರೆ ಪರಡಿ ಬಡಿಯುತ್ತ ಬೀದಿಗಿಳಿದು ಸರ್ಕಾರವನ್ನೇ ಇಳಿಸಿದ ಜನರ ಒತ್ತಾಯದಿಂದ ಹುಟ್ಟಿದ ಪ್ರಯತ್ನ ಅದು. ಜುಲೈ ಕೊನೆಯಲ್ಲಿ ಕರಡು ಸಿದ್ಧವಾಯಿತು, 2012ರ ಜನಮತದಲ್ಲಿ ಮತ ಹಾಕಿದವರಲ್ಲಿ ಮೂರನೆಯ ಎರಡು ಪಾಲು ಜನ ಅದನ್ನು ಒಪ್ಪಿದರು, ಸಂಸತ್ತು ಅಂಗೀಕರಿಸಲಿಲ್ಲ. ಆಟವನ್ನೂ ಸಂವಿಧಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೂ ಆಟದ ಪ್ರಜೆಗೆ ದೇಶದ ಪ್ರಜೆಗಿಲ್ಲದ ಒಂದು ಅಸ್ತ್ರವಿತ್ತು. ಅವನು ದೇಶ ಬಿಟ್ಟು ಹೋಗಬಲ್ಲವನಾಗಿದ್ದ, ಅದೂ ಒಂದು ಗುಂಡಿ ಒತ್ತಿ.

ಅಕ್ಟೋಬರ್ 5ರಂದು ಹಿಲ್ಮರ್ ಆಟಗಾರರಿಗೆ ಬಹಿರಂಗ ಪತ್ರ ಬರೆದರು. ತಪ್ಪು ತಮ್ಮದೇ ಎಂದರು. ಯಶಸ್ಸು ತಮ್ಮನ್ನು ಕುರುಡಾಗಿಸಿತ್ತೆಂದೂ ಎಚ್ಚರಿಕೆಗಳಿಗೆ ಕಿವಿಗೊಡಲಿಲ್ಲವೆಂದೂ ಒಪ್ಪಿಕೊಂಡರು. ಅಂಥ ಸ್ಥಾನದಲ್ಲಿರುವವರು ಅಷ್ಟು ನೇರವಾಗಿ ಬರೆಯುವುದು ಅಪರೂಪ, ಅದನ್ನು ಮೆಚ್ಚಬೇಕು. ಆದರೆ ಜೂನ್‌ನಿಂದ ಅಕ್ಟೋಬರಿನವರೆಗೆ ಆಟಗಾರರ ದೂರಿನಲ್ಲಿ ಹೊಸದೇನೂ ಸೇರಿರಲಿಲ್ಲ. ಬದಲಾಗಿದ್ದುದು ಚಂದಾದಾರರ ಲೆಕ್ಕ. ಎರಡು ವಾರಗಳ ನಂತರ ಸಿಸಿಪಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 20ರಷ್ಟು ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಹೊಡೆತ ಹೆಚ್ಚಾಗಿ ಬಿದ್ದದ್ದು ಅಟ್ಲಾಂಟಾದಲ್ಲಿ ‘ವರ್ಲ್ಡ್ ಆಫ್ ಡಾರ್ಕ್‌ನೆಸ್’ ಎಂಬ ಬೇರೊಂದು ಆಟ ಕಟ್ಟುತ್ತಿದ್ದವರ ಮೇಲೆ. ಕನ್ನಡಕಕ್ಕೆ ಬೆಲೆ ಕಟ್ಟಿದವರೂ ಅವರಲ್ಲ, ಪತ್ರ ಬರೆದವರೂ ಅವರಲ್ಲ. ಆ ಆಟವನ್ನು 2014ರಲ್ಲಿ ಕೈಬಿಡಲಾಯಿತು. ಈ ಪ್ರಕರಣವನ್ನು ಆಟಗಾರರ ವಿಜಯವೆಂದು ಬಣ್ಣಿಸುವವರು ಅವರ ನೆನಪು ತೆಗೆಯುವುದು ಕಡಿಮೆ.

ನವೆಂಬರ್ 29ರಂದು ಬಂದ ‘ಕ್ರೂಸಿಬಲ್’ ಎಂಬ ಕಂತಿನಲ್ಲಿ ಭವ್ಯವಾದ ಕನಸೇನೂ ಇರಲಿಲ್ಲ. ವರ್ಷಗಳಿಂದ ಮಂಡಳಿ ಕೇಳುತ್ತಿದ್ದ ಸಣ್ಣಪುಟ್ಟ ದುರಸ್ತಿಗಳ ಉದ್ದನೆಯ ಪಟ್ಟಿಯಿತ್ತು, ನಾಲ್ಕು ಹೊಸ ಯುದ್ಧನೌಕೆಗಳಿದ್ದವು. ಹಳೆಯ ನೌಕಾಂಗಣವೂ ಮರಳಿತು. ನೌಕೆಯನ್ನು ಎಷ್ಟು ಸುತ್ತು ತಿರುಗಿಸಿದಿರಿ ಎಂದು ಎಣಿಸುವ ಅಂಕಿಯೊಂದನ್ನು ಅದರ ಜೊತೆ ಜೋಡಿಸಿದ್ದರು. ಕ್ಷಮಾಪತ್ರಕ್ಕಿಂತ ಆ ಅಂಕಿಯೇ ನಮಗೆ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ.

ಜಿಟಾದ ಪ್ರತಿಮೆಯನ್ನು ಮುಂದೆ ಸಂಸ್ಥೆಯೇ ಭಗ್ನಾವಶೇಷವಾಗಿ ಮಾರ್ಪಡಿಸಿ, ಆ ಬೇಸಿಗೆಯ ಗುರುತಾಗಿ ಅಲ್ಲೇ ಉಳಿಸಿತು. 2014ರ ಮೇ ತಿಂಗಳಲ್ಲಿ ರೇಕ್ಯಾವಿಕ್‌ನ ಬಂದರಿನ ಬಳಿ ಇನ್ನೊಂದು ಸ್ಮಾರಕ ಅನಾವರಣಗೊಂಡಿತು. ಇದು ಮುಟ್ಟಿ ನೋಡಬಹುದಾದದ್ದು. ಅದರ ಮೇಲೆ ಆಟಗಾರರ ಪಾತ್ರಗಳ ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿ ಸಾಲುಸಾಲಾಗಿ ಕೆತ್ತಲಾಗಿದೆ. ಆ ವರ್ಷದ ಮಾರ್ಚ್ ಮೊದಲ ದಿನ ಯಾರ ಚಂದಾ ಚಾಲ್ತಿಯಲ್ಲಿತ್ತೋ ಅವರ ಹೆಸರುಗಳವು. 2011ರಲ್ಲಿ ಬಿಟ್ಟು ಹೋಗಿ ಮರಳದವರ ಹೆಸರು ಅಲ್ಲಿಲ್ಲ.