ಟೊಳ್ಳುನೆಲದ ತೂಕ

ಭೂಮಿ ಬಾಯ್ದೆರೆದು ಒಳಗೆ ಸೆಳೆದುಕೊಳ್ಳುವುದನ್ನು ನಾವು ಸೀತೆಯ ಕಥೆಯಲ್ಲಿ ಕೇಳಿದ್ದೇವೆ. 1962ರ ಡಿಸೆಂಬರಿನಲ್ಲಿ, ಜೋಹಾನ್ಸ್‌ಬರ್ಗ್‌ನ ಪಶ್ಚಿಮಕ್ಕಿರುವ ವೆಸ್ಟ್ ಡ್ರೀಫಾಂಟೇನ್ ಚಿನ್ನದ ಗಣಿಯಲ್ಲಿ ಅದು ಅಕ್ಷರಶಃ ನಡೆಯಿತು. ಅದಿರು ಒಡೆಯುವ ಬಹುಮಹಡಿ ಕಟ್ಟಡವೊಂದು ನೆಲದೊಳಗೆ ಮುಳುಗಿತು. 29 ಮಂದಿ ಮಡಿದರು. 1964ರಲ್ಲಿ ಅದೇ ಪ್ರದೇಶದ ಮತ್ತೊಂದು ಗಣಿಯ ವಸತಿಯಲ್ಲಿ ಮನೆಯೊಂದು ಐವರ ಕುಟುಂಬದೊಡನೆ ಕಣ್ಮರೆಯಾಯಿತು.

ಅಲ್ಲಿಯ ನೆಲದಡಿ ಇರುವುದು ಡಾಲೊಮೈಟ್, ಅಂದರೆ ಸುಣ್ಣಕಲ್ಲಿನ ಸೋದರ ಶಿಲೆ. ಇಂಗಾಲಾಮ್ಲ ಬೆರೆತ ಮಳೆನೀರು ಯುಗಯುಗಗಳ ಕಾಲ ಅದನ್ನು ಕರಗಿಸಿ ಗುಹೆಗಳನ್ನು ಕೊರೆಯುತ್ತದೆ. ಇಂಥ ಭೂದೃಶ್ಯಕ್ಕೆ ಕಾರ್ಸ್ಟ್ ಎಂದು ಹೆಸರು. ಸ್ಲೊವೇನಿಯಾದ ಸುಣ್ಣಕಲ್ಲಿನ ಸೀಮೆಯೊಂದರಿಂದ ಬಂದದ್ದು. ಗುಹೆಯ ಮೇಲಿನ ಮಣ್ಣಿಗೆ ಅಂತರ್ಜಲವೇ ಆಸರೆ. ಆಳದ ಚಿನ್ನವನ್ನು ತಲುಪಲು ಗಣಿಗಳು ಆ ನೀರನ್ನು ಪಂಪು ಮಾಡಿ ಹೊರಹಾಕಿದವು. ಆಸರೆ ತಪ್ಪಿದ ಮಣ್ಣು ಒಳಗೊಳಗೇ ಗುಹೆಗೆ ಜಾರತೊಡಗಿತು. ಟೊಳ್ಳು ಮೇಲಕ್ಕೆ ಬೆಳೆಯಿತು. ಕೊನೆಗೆ ಉಳಿದದ್ದು ತೆಳುವಾದ ಮಣ್ಣಿನ ಕಮಾನು ಮಾತ್ರ.

ಕಣ್ಣಿಗೆ ಕಾಣದ ಈ ದುರ್ಬಲ ನೆಲವನ್ನು ಹುಡುಕಲು ಭೂವಿಜ್ಞಾನಿಗಳು ಗುರುತ್ವಮಾಪಕವನ್ನು ಹಿಡಿದು ನಡೆದರು. ದಟ್ಟ ಶಿಲೆಯ ಮೇಲೆ ಗುರುತ್ವಾಕರ್ಷಣೆ ತುಸು ಹೆಚ್ಚು. ಸಡಿಲ ಮಣ್ಣು ತುಂಬಿದ ಆಳಗಳ ಮೇಲೆ ತುಸು ಕಡಿಮೆ. ಪರ್ವತದ ರಾಶಿಯೂ ತೂಗುಬಟ್ಟನ್ನು ಸೆಳೆಯುತ್ತದೆಯೇ ಎಂದು ಹದಿನೆಂಟನೆಯ ಶತಮಾನದಲ್ಲಿ ಆಂಡಿಸ್‌ನ ಚಿಂಬೊರಾಸೊ ಬಳಿ ಪರೀಕ್ಷಿಸಿದ ಫ್ರೆಂಚ್ ವಿದ್ವಾಂಸ ಬೂಗೆಯ ವಿಚಾರವೇ ಇದರ ಮೂಲ. ಅವನು ಬೆಟ್ಟದ ಭಾರವನ್ನು ಅರಸಿದ. ಇವರು ಭಾರದ ಕೊರತೆಯನ್ನು ಅರಸಿದರು. ಕೆಲಸ ಬಲು ಸೂಕ್ಷ್ಮ. ಉಪಕರಣವನ್ನು ಒಂದು ಮೀಟರ್ ಮೇಲಕ್ಕೆತ್ತಿದರೆ ಅಳತೆ ಸುಮಾರು 0.3 ಮಿಲಿಗ್ಯಾಲ್ ಇಳಿಯುತ್ತದೆ. ಚಿಕ್ಕ ಗುಹೆಯೊಂದರ ಸುಳಿವು ಅದಕ್ಕಿಂತಲೂ ಕ್ಷೀಣವಾಗಿರಬಹುದು. ಆದ್ದರಿಂದ ಪ್ರತಿ ಬಿಂದುವಿನ ಎತ್ತರವನ್ನೂ ನಿಖರವಾಗಿ ಅಳೆಯಬೇಕು. ಆಮೇಲೂ ಕೊಳವೆ ಕೊರೆದೇ ಖಚಿತಪಡಿಸಿಕೊಳ್ಳಬೇಕು.

ಇಷ್ಟಾದರೂ ಆ ನಕ್ಷೆ ಹೇಳುವುದು ನೆಲ ಎಲ್ಲಿ ದುರ್ಬಲ ಎಂಬುದನ್ನಷ್ಟೆ, ಕುಸಿಯುವ ದಿನವನ್ನಲ್ಲ. ಗುಹೆಗಳನ್ನು ಕೊರೆದದ್ದು ನಿಸರ್ಗ, ನಿಜ. ಆದರೆ ಅವುಗಳ ಮೇಲೆ ಕಟ್ಟಡ ಕಟ್ಟಿ, ಕೆಳಗಿನ ನೀರನ್ನು ಬಸಿದದ್ದು ಮನುಷ್ಯರ ನಿರ್ಧಾರ. ನೆಲದ ಕೊರತೆಯನ್ನು ಗುರುತ್ವಮಾಪಕ ತೂಗಬಲ್ಲದು. ಚಿನ್ನದ ಬೆಲೆಯನ್ನೂ 29 ಜೀವಗಳನ್ನೂ ತೂಗುವ ತಕ್ಕಡಿ ಮಾತ್ರ ನಮ್ಮ ಕೈಯಲ್ಲೇ ಇದೆ.