ಯಲಹಂಕನಾಡಿನ ಕೆರೆಗಳೂ ಪ್ರಭುಧರ್ಮವೂ

ಪ್ರಭುವಿನ ಹಿರಿಮೆಯನ್ನು ಅವನು ಕಟ್ಟಿಸಿದುದರಿಂದ ಅಳೆಯುವುದು ಚರಿತ್ರಕಾರರ ವಾಡಿಕೆ. ಕಟ್ಟಿದುದನ್ನು ಕಾಪಾಡುವ ವ್ಯವಸ್ಥೆ ಹೇಗಿತ್ತೆಂಬುದನ್ನು ವಿಚಾರಿಸುವವರು ವಿರಳ. ಯಲಹಂಕನಾಡನ್ನೂ ಅದರ ಪ್ರಭುಗಳು ನಿರ್ಮಿಸಿದ ನಗರವನ್ನೂ ಈ ದೃಷ್ಟಿಯಿಂದ ಪರ್ಯಾಲೋಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಲಹಂಕದ ನಾಡಪ್ರಭುಗಳು ವಿಜಯನಗರದ ಸಾಮಂತರು. ಅವರಲ್ಲಿ ಮೊದಲನೆಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಸ್ಥಾಪಿಸಿದನೆಂಬುದು ಸುವಿದಿತವಾಗಿದೆ. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ವೃತ್ತಿಗನುಗುಣವಾದ ಆ ನಗರವಿಭಾಗವನ್ನು ಸಾರುತ್ತವೆ. ದೊಡ್ಡ ನದಿಯಿಲ್ಲದ ಎತ್ತರದ ನೆಲದಲ್ಲಿ ಇಷ್ಟು ಜನವನ್ನು ನೆಲೆಗೊಳಿಸಬೇಕಾದರೆ ಮಳೆನೀರನ್ನು ತಡೆದು ನಿಲ್ಲಿಸುವುದೊಂದೇ ಉಪಾಯ. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು ಆತನ ಕೃತಿಗಳೆಂದು ಪ್ರತೀತಿಯಿದೆ.

ಆದರೆ ಕೆರೆಯು ಒಮ್ಮೆ ಕಟ್ಟಿ ಮರೆಯತಕ್ಕ ವಸ್ತುವಲ್ಲ. ವರ್ಷವರ್ಷವೂ ಹೂಳು ತುಂಬುತ್ತದೆ, ಏರಿ ಸವೆಯುತ್ತದೆ, ತೂಬು ಸಡಿಲುತ್ತದೆ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದನ್ನು ಚೆನ್ನಾಗಿ ಅರಿತಿದೆ. ಹೊಸ ಕೆರೆಯನ್ನು ಕಟ್ಟಿದವನಿಗೆ 5 ವರ್ಷ, ಹಾಳಾದುದನ್ನು ಉದ್ಧರಿಸಿದವನಿಗೆ 4 ವರ್ಷ ಕರವಿನಾಯಿತಿ. ಆಪತ್ಕಾಲವಲ್ಲದೆ 5 ವರ್ಷ ಕೆಲಸವನ್ನು ಕೈಬಿಟ್ಟವನಿಗೆ ಸ್ವಾಮ್ಯವೇ ಲೋಪ. ಜೀರ್ಣೋದ್ಧಾರದ ಗೌರವವು ನೂತನನಿರ್ಮಾಣದ ಗೌರವಕ್ಕೆ ಒಂದೇ ಮೆಟ್ಟಿಲು ಕೆಳಗಿರುವುದು ಗಮನಾರ್ಹ.

ಇದು ಕೇವಲ ಶಾಸ್ತ್ರವಾಕ್ಯವಾಗಿ ಉಳಿಯಲಿಲ್ಲ. ನಮ್ಮ ನಾಡಿನ ಆಚಾರದಲ್ಲಿಯೂ ಇದೇ ನೀತಿ ಕಾಣಬರುತ್ತದೆ. ಬೆಂಗಳೂರಿನ ಆಗ್ನೇಯದ ಅಗರದಲ್ಲಿ ದೊರೆತ, ಸುಮಾರು ಕ್ರಿ.ಶ. 870ರ ಗಂಗರ ಕಾಲದ ಶಾಸನದಲ್ಲಿ, ಒಬ್ಬನು ಎರಡು ಕೆರೆಗಳಿಗೆ ತೂಬಿಡಿಸಿ, ಮತ್ತೊಂದನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದಿದೆ. ಬಿತ್ತುವಟ್ಟವೆಂದರೆ ಕೆರೆಯ ಕೆಲಸ ಮಾಡಿದವನಿಗೆ ಅದರ ನೀರಾವರಿಯಲ್ಲಿ ಸಲ್ಲುವ ಪಾಲು. ಕೆರೆ ತುಂಬಿದರೆ ಅವನ ಪಾಲೂ ತುಂಬುವುದು. ಕೆರೆ ಬತ್ತಿದರೆ ಅವನಿಗೇ ಮೊದಲ ನಷ್ಟ. ಕಾಯುವವನ ಹಿತವನ್ನು ಕಾಯಲ್ಪಡುವ ವಸ್ತುವಿನ ಹಿತಕ್ಕೆ ಬೆಸೆದುದೇ ಇದರ ಮರ್ಮ.

ಈಗ ಅರ್ವಾಚೀನ ಕಾಲದ ಒಂದು ನಿದರ್ಶನ. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರವರು ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಸಂಗ್ರಹಿಸಿ, ಸೋಲದೇವನಹಳ್ಳಿಯಿಂದ ಯಂತ್ರಬಲದಿಂದ ನಗರಕ್ಕೆ ಏರಿಸುವ ಯೋಜನೆಯನ್ನು 1890ರ ದಶಕದಲ್ಲಿ ನೆರವೇರಿಸಿದರು. ಮನೆಮನೆಗೆ ಕೊಳವೆಯ ನೀರೆಂಬುದು ಅಂದಿಗೆ ಅಪೂರ್ವ ಸಾಹಸ. ಆದರೆ ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಗೂ, 1974ರಲ್ಲಿ ದೂರದ ಕಾವೇರಿಗೂ ಕೈಚಾಚಬೇಕಾಯಿತು. ನೀರು ದೂರವಾದಂತೆ ಕೆರೆಯ ಚಿಂತೆಯೂ ದೂರವಾಯಿತು. ಕೊಳವೆಯಲ್ಲಿ ನೀರು ಬರುವವನಿಗೆ ಊರಿನ ಏರಿ ಬಿರಿದರೇನು, ಉಳಿದರೇನು?

ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ ನಿಲ್ದಾಣವಿದೆ. ಅದಕ್ಕೆ ಕೆಂಪೇಗೌಡನದೇ ಹೆಸರು. ಹೆಸರನ್ನು ಉಳಿಸಿ ಕೆಲಸವನ್ನು ಅಳಿಸಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪೂರ್ವಕಾಲದಲ್ಲಿ ಎಲ್ಲವೂ ಸುಭಿಕ್ಷವಾಗಿತ್ತೆಂದು ನಮ್ಮ ಅಭಿಪ್ರಾಯವಲ್ಲ. ಪಾಲು ದೊರೆತವರು ಕೆಲವರು, ಮಣ್ಣು ಹೊತ್ತವರು ಹಲವರು. ಆದರೂ ಹೊಣೆಯೂ ಫಲವೂ ಒಂದೆಡೆ ಇರಬೇಕೆಂಬ ತತ್ತ್ವಕ್ಕೆ ಮುಪ್ಪಿಲ್ಲ. ಕೈಬಿಟ್ಟವನಿಗೆ ಸ್ವಾಮ್ಯವಿಲ್ಲವೆಂಬ ಕೌಟಿಲ್ಯನ ನಿಯಮವನ್ನು ಇಂದಿನ ಆಳುವವರಿಗೇ ಅನ್ವಯಿಸಿದರೆ ಎಷ್ಟು ಕೆರೆಗಳು ಅವರ ಕೈಯಲ್ಲಿ ಉಳಿದಾವೆಂಬುದನ್ನು ಪ್ರಾಜ್ಞರು ವಿಚಾರಮಾಡಲಿ.